2008ರ ಪಿಸಿಗೆ ಫ್ರೀಬಿಎಸ್‌ಡಿ ಹಾಕುತ್ತಿದ್ದೇನೆ, ‘ಎರರ್ 19’ ಅಂತ ನಿಂತುಬಿಟ್ಟಿದೆ

ಬಸವನಗುಡಿ_ಬೀದಿ · ಶುಕ್ರವಾರ ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಇದೆ. 2008ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಸೆಂಬಲ್ ಮಾಡಿಸಿದ್ದು. ಕೋರ್ 2 ಡ್ಯುಯೊ, ಜಿ31 ಬೋರ್ಡ್, 2 ಜಿಬಿ ಡಿಡಿಆರ್2 ರ‍್ಯಾಮ್. ವಿಂಡೋಸ್ ಎಕ್ಸ್‌ಪಿ ಇದ್ದ ಡಿಸ್ಕ್ ಎಂದೋ ಸತ್ತುಹೋಯಿತು. ಇನ್ನೊಂದು 160 ಜಿಬಿ ಡಿಸ್ಕ್ ಇದೆ, ಅದು ಇನ್ನೂ ತಿರುಗುತ್ತಿದೆ. ಅಜ್ಜಿ ಹೇಳುತ್ತಿದ್ದ ಸೋಬಾನೆ ಪದಗಳನ್ನು ಅಮ್ಮ ನಾಲ್ಕು ವರ್ಷ ಕೂತು ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಬಳಸಿ ಟೈಪ್ ಮಾಡಿ ಅದರಲ್ಲಿ ಇಟ್ಟಿದ್ದಾರೆ. ಅಜ್ಜಿ ಈಗ ಇಲ್ಲ. ಬೇರೆ ಕಾಪಿಯೂ ಇಲ್ಲ.

ಅಮ್ಮನಿಗೆ ಆ ಮೆಷಿನ್ನೇ ಬೇಕು, ಲ್ಯಾಪ್‌ಟಾಪ್ ಕೊಟ್ಟರೆ ಬೇಡ ಅನ್ನುತ್ತಾರೆ. ಅದಕ್ಕೆ ಒಂದು 120 ಜಿಬಿ ಎಸ್‌ಎಸ್‌ಡಿ ತಂದೆ. ಆಫೀಸಿನಲ್ಲಿ ಫ್ರೀಬಿಎಸ್‌ಡಿ (ಲಿನಕ್ಸ್ ಥರದ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಸರ್ವರ್ ನೋಡಿಕೊಳ್ಳುವ ಕೆಲಸ ಈಗಷ್ಟೇ ನನ್ನ ಕೈಗೆ ಬಂದಿದೆ, ಮನೆಯಲ್ಲೇ ಕಲಿಯೋಣ ಅಂತ ಅದರ 14ನೇ ಆವೃತ್ತಿಯ ಇನ್‌ಸ್ಟಾಲ್ ಇಮೇಜ್ ಪೆನ್‌ಡ್ರೈವ್‌ಗೆ ಬರೆದು ಬೂಟ್ ಮಾಡಿದೆ. ಮೆನು ಬರುತ್ತದೆ, ಬಿಳಿ ಅಕ್ಷರದ ಸಾಲುಗಳು ಓಡುತ್ತವೆ, ಕೊನೆಗೆ ‘ಫ್ರೀಬಿಎಸ್‌ಡಿ_ಇನ್‌ಸ್ಟಾಲ್’ ಮೌಂಟ್ ಮಾಡುವಾಗ ‘ಫೇಲ್ಡ್ ವಿತ್ ಎರರ್ 19’ ಅಂತ ಹೇಳಿ ‘ಮೌಂಟ್‌ರೂಟ್’ ಅನ್ನೋ ಪ್ರಾಂಪ್ಟ್‌ನಲ್ಲಿ ನಿಲ್ಲುತ್ತದೆ. ಮೂರು ಸಲ ಇಮೇಜ್ ಬರೆದೆ, ಅದೇ ಕಥೆ.

ಇನ್ನೊಂದು ಅನುಮಾನ. ನನ್ನದು ಇಂಟೆಲ್ ಪ್ರೊಸೆಸರ್, ಆದರೆ ಇಳಿಸಿಕೊಂಡದ್ದು ಎಎಂಡಿ64 ಅನ್ನೋ ಇಮೇಜ್. ಅದೇ ತಪ್ಪಾ?

ಮಲ್ಲೇಶ್ವರ15 · ಶುಕ್ರವಾರ ರಾತ್ರಿ 11:15

ಎಎಂಡಿ64 ಸರಿಯಾಗಿದೆ. ಈ 64 ಬಿಟ್ ವಿನ್ಯಾಸವನ್ನು ಮೊದಲು ಮಾಡಿದ್ದು ಎಎಂಡಿ ಕಂಪನಿ, 2003ರಲ್ಲಿ ಅವರ ಆಪ್ಟೆರಾನ್ ಚಿಪ್ ಜೊತೆ ಬಂತು. ಆಮೇಲೆ ಇಂಟೆಲ್ ಕೂಡ ಅದನ್ನೇ ತೆಗೆದುಕೊಂಡಿತು. ಹೆಸರು ಮಾತ್ರ ಹಾಗೇ ಉಳಿದಿದೆ. ನಿಮ್ಮ ಕೋರ್ 2 ಡ್ಯುಯೊ 64 ಬಿಟ್ಟೇ.

ಆದರೆ ಒಂದು ಮಾತು. ಅಮ್ಮ ಬಳಸೋದಕ್ಕೆ ಅಂತಾದರೆ ಸುಮ್ನೆ ಒಂದು ಹಗುರವಾದ ಲಿನಕ್ಸ್ ಹಾಕಿಕೊಡಿ. ಬಿಎಸ್‌ಡಿ ಯಾಕೆ ಬೇಕು?

ಬೇಸ್‌ಸಿಸ್ಟಂ · ಶುಕ್ರವಾರ ರಾತ್ರಿ 11:40

ಲಿನಕ್ಸ್ ಕೂಡ ಚೆನ್ನಾಗಿಯೇ ಓಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಕಲಿಯಬೇಕು ಅಂತ ಹೊರಟಿದ್ದಾರೆ, ಕೇಳಿದ ಪ್ರಶ್ನೆಗೆ ಮೊದಲು ಉತ್ತರ ಹೇಳೋಣ.

ಮೇಡಂ, ಮೊದಲ ಕೆಲಸ ಇದು: ಕರೆಂಟ್ ತೆಗೆದು ಆ 160 ಜಿಬಿ ಡಿಸ್ಕ್‌ನ ಕೇಬಲ್ ಕಿತ್ತು ಪಕ್ಕಕ್ಕಿಡಿ. ಇನ್‌ಸ್ಟಾಲರ್ ಡಿಸ್ಕ್‌ಗಳನ್ನು ಎಡಿಎ0, ಎಡಿಎ1 ಅಂತ ತೋರಿಸುತ್ತದೆ, ಯಾವುದು ಅಮ್ಮನ ಡಿಸ್ಕ್ ಅಂತ ಹೆಸರಿನಲ್ಲಿ ಬರೆದಿರುವುದಿಲ್ಲ. ನಿದ್ದೆಗಣ್ಣಿನಲ್ಲಿ ಒಂದು ಎಂಟರ್ ಒತ್ತಿದರೆ ನಾಲ್ಕು ವರ್ಷದ ಕೆಲಸ ಹೋಗುತ್ತದೆ. ದಯವಿಟ್ಟು ಇದನ್ನು ಮಾಡದೆ ಮುಂದೆ ಹೋಗಬೇಡಿ.

ಈಗ ಎರರ್ 19. ಅದರ ಅರ್ಥ ‘ಹೇಳಿದ ಸಾಧನ ಸಿಗಲಿಲ್ಲ’ ಅಂತ. ಬೂಟ್ ಮೆನು ತೋರಿಸುವವರೆಗೆ ಪೆನ್‌ಡ್ರೈವ್ ಓದುವುದು ಬಯೋಸ್, ಅಂದರೆ ಬೋರ್ಡ್‌ನಲ್ಲೇ ಇರುವ ಶುರುವಿನ ಪ್ರೋಗ್ರಾಂ. ಕರ್ನಲ್ (ಸಿಸ್ಟಂನ ತಿರುಳು) ಎದ್ದ ಮೇಲೆ ಅದು ಯುಎಸ್‌ಬಿಯನ್ನು ತಾನೇ ಹೊಸದಾಗಿ ಹುಡುಕಬೇಕು. ಹಳೇ ಬೋರ್ಡ್‌ನಲ್ಲಿ ಪೆನ್‌ಡ್ರೈವ್ ನಿಧಾನಕ್ಕೆ ಏಳುತ್ತದೆ. ಕರ್ನಲ್ ಸ್ವಲ್ಪ ಹೊತ್ತು ಕಾದು, ಇನ್ನೂ ಬಂದಿಲ್ಲ ಅಂತ ಕೈಚೆಲ್ಲುತ್ತದೆ. ನಿಮ್ಮ ಇಮೇಜ್‌ನಲ್ಲಿ ತಪ್ಪಿಲ್ಲ, ಮತ್ತೆ ಬರೆಯಬೇಡಿ.

ಆ ಪ್ರಾಂಪ್ಟ್‌ನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಒತ್ತಿ ಎಂಟರ್ ಮಾಡಿ. ಕರ್ನಲ್‌ಗೆ ಕಾಣುವ ಡಿಸ್ಕ್‌ಗಳ ಪಟ್ಟಿ ಬರುತ್ತದೆ. ‘ಡಿಎ0’ ಇದೆಯಾ ನೋಡಿ, ಅದೇ ಪೆನ್‌ಡ್ರೈವ್.

ಇಲ್ಲದಿದ್ದರೆ ಮತ್ತೆ ಬೂಟ್ ಮಾಡಿ ಮೆನುವಿನಲ್ಲಿ 3 ಒತ್ತಿ, ಲೋಡರ್ ಪ್ರಾಂಪ್ಟ್ ಬರುತ್ತದೆ. ಫೋನಿನಲ್ಲಿ ಹೇಳಿದ ಹಾಗೆ ಬರೆಯುತ್ತೇನೆ: ಸೆಟ್, ಒಂದು ಸ್ಪೇಸ್, ಕರ್ನ್ (ಕೆ ಇ ಆರ್ ಎನ್) ಡಾಟ್ ಕ್ಯಾಮ್ (ಸಿ ಎ ಎಂ) ಡಾಟ್ ಬೂಟ್ ಅಂಡರ್‌ಸ್ಕೋರ್ ಡಿಲೇ ಈಕ್ವಲ್ಸ್ 10000. ಎಲ್ಲಾ ಸಣ್ಣಕ್ಷರ, ಈಕ್ವಲ್ಸ್ ಆಚೆ ಈಚೆ ಜಾಗ ಬಿಡಬೇಡಿ. ಆಮೇಲೆ ಬೂಟ್ ಅಂತ ಟೈಪ್ ಮಾಡಿ. 10000 ಅಂದರೆ ಮಿಲಿಸೆಕೆಂಡ್, ಹತ್ತು ಸೆಕೆಂಡ್ ಕಾಯಿ ಅಂತ ಹೇಳಿದ ಹಾಗೆ.

ಹಳೇಬೋರ್ಡ್ · ಶನಿವಾರ ಬೆಳಗ್ಗೆ 7:05

ಪೆನ್‌ಡ್ರೈವನ್ನು ಕ್ಯಾಬಿನೆಟ್ ಮುಂದಿನ ಪೋರ್ಟ್‌ಗೆ ಹಾಕಿದ್ದೀರಾ? ಹಿಂದೆ, ಬೋರ್ಡ್ ಮೇಲೇ ಇರುವ ಪೋರ್ಟ್‌ಗೆ ಹಾಕಿ. ಮುಂದಿನದಕ್ಕೆ ಒಳಗೆ ಒಂದು ಸಣ್ಣ ವೈರ್ ಎಳೆದಿರುತ್ತಾರೆ, ಅಗ್ಗದ ಕ್ಯಾಬಿನೆಟ್‌ನಲ್ಲಿ ಅದು ಬೇಗ ಸಡಿಲವಾಗುತ್ತದೆ.

ಹೇಗೂ ಕ್ಯಾಬಿನೆಟ್ ಬಿಚ್ಚುತ್ತೀರಲ್ಲ, ಪ್ರೊಸೆಸರ್ ಸುತ್ತ ಇರುವ ಕೆಪಾಸಿಟರ್‌ಗಳ ತಲೆ ನೋಡಿ. ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಇಲ್ಲ ಕಂದು ಬಣ್ಣದ ಅಂಟು ಹೊರಗೆ ಬಂದಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ.

ಬಸವನಗುಡಿ_ಬೀದಿ · ಶನಿವಾರ ಮಧ್ಯಾಹ್ನ 1:20

ಆಯಿತು! ಮುಂದಿನ ಪೋರ್ಟ್‌ಗೇ ಹಾಕಿದ್ದೆ. ಪ್ರಶ್ನಾರ್ಥಕ ಒತ್ತಿದಾಗ ಪಟ್ಟಿಯಲ್ಲಿ ಎಸ್‌ಎಸ್‌ಡಿ ಮಾತ್ರ ಇತ್ತು, ಡಿಎ0 ಇರಲಿಲ್ಲ. ಹಿಂದಿನ ಪೋರ್ಟ್‌ಗೆ ಹಾಕಿದರೂ ಅದೇ ಎರರ್ ಬಂತು, ಆದರೆ ಎರರ್ ಬಂದು ಒಂದು ಕ್ಷಣ ಆದ ಮೇಲೆ ಡಿಎ0 ಅನ್ನೋ ಸಾಲು ಕಾಣಿಸಿಕೊಂಡಿತು. ಅಂದರೆ ನಿಜವಾಗಿಯೂ ತಡವಾಗಿ ಬರುತ್ತಿತ್ತು. ಹತ್ತು ಸೆಕೆಂಡ್ ಕೊಟ್ಟ ಮೇಲೆ ಇನ್‌ಸ್ಟಾಲರ್ ಬಂತು.

ಅಮ್ಮನ ಡಿಸ್ಕ್ ಕೇಬಲ್ ಕಿತ್ತಿದ್ದೇನೆ. ಕೆಪಾಸಿಟರ್ ಎಲ್ಲಾ ಚಪ್ಪಟೆ ಇವೆ. ಫೈಲ್ ಸಿಸ್ಟಂ (ಡಿಸ್ಕ್‌ನಲ್ಲಿ ಫೈಲ್ ಜೋಡಿಸುವ ರೀತಿ) ಯಾವುದು, ಜಡ್‌ಎಫ್‌ಎಸ್ ಹಾಕಲಾ ಯುಎಫ್‌ಎಸ್ ಹಾಕಲಾ?

ಬೇಸ್‌ಸಿಸ್ಟಂ · ಶನಿವಾರ ಮಧ್ಯಾಹ್ನ 1:35

2 ಜಿಬಿಯಲ್ಲಿ ಯುಎಫ್‌ಎಸ್ ಹಾಕಿ. ಜಡ್‌ಎಫ್‌ಎಸ್ ಓದಿದ್ದನ್ನೆಲ್ಲಾ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳಲು ನೋಡುತ್ತದೆ, ಒಂದು ಬ್ರೌಸರ್ ತೆರೆದ ತಕ್ಷಣ ಮೆಷಿನ್ ಏದುಸಿರು ಬಿಡುತ್ತದೆ. ಯುಎಫ್‌ಎಸ್‌ಗೆ ಜರ್ನಲ್ (ಬದಲಾವಣೆಗಳ ದಾಖಲೆ) ಇದೆ, ಮಧ್ಯೆ ಕರೆಂಟ್ ಹೋದರೂ ಮುಂದಿನ ಬೂಟ್‌ನಲ್ಲಿ ಬೇಗ ಸರಿಮಾಡಿಕೊಳ್ಳುತ್ತದೆ. ಮಳೆಗಾಲದಲ್ಲಿ ನಮ್ಮ ಏರಿಯಾದಲ್ಲಿ ದಿನಕ್ಕೆ ಎರಡು ಸಲ ಹೋಗುತ್ತದೆ, ನನಗೆ ಇಲ್ಲಿವರೆಗೆ ಫೈಲ್ ಕೆಟ್ಟಿಲ್ಲ.

ಬಸವನಗುಡಿ_ಬೀದಿ · ಶನಿವಾರ ರಾತ್ರಿ 9:10

ಇನ್‌ಸ್ಟಾಲ್ ಮುಗಿಯಿತು, ಎಸ್‌ಎಸ್‌ಡಿಯಿಂದ ಬೂಟ್ ಆಯಿತು, ಲಾಗಿನ್ ಆದೆ. ಖುಷಿಯಲ್ಲಿ ಅಮ್ಮನ ಡಿಸ್ಕ್ ಮತ್ತೆ ಸಿಕ್ಕಿಸಿದೆ. ತಕ್ಷಣ ‘ಡಿಸ್ಕ್ ಬೂಟ್ ಫೇಲ್ಯೂರ್, ಇನ್‌ಸರ್ಟ್ ಸಿಸ್ಟಂ ಡಿಸ್ಕ್’ ಅಂತ ಬಂತು. ಆ ಡಿಸ್ಕ್ ಬೋರ್ಡ್‌ನ ಮೊದಲನೇ ಸಾಕೆಟ್‌ನಲ್ಲಿದೆ, ಬಯೋಸ್ ಅದನ್ನೇ ಮೊದಲು ನೋಡುತ್ತಿದೆ. ಬಯೋಸ್‌ಗೆ ಹೋಗಿ ಎಸ್‌ಎಸ್‌ಡಿ ಮೇಲಕ್ಕೆ ತಂದೆ.

ಆಗ ಮತ್ತೆ ಮೌಂಟ್‌ರೂಟ್! ಆದರೆ ಈ ಸಲ ಹೆದರಲಿಲ್ಲ. ಪ್ರಶ್ನಾರ್ಥಕ ಒತ್ತಿದೆ. ಮೊದಲು ಎಡಿಎ0 ಆಗಿದ್ದ ಎಸ್‌ಎಸ್‌ಡಿ ಈಗ ಎಡಿಎ1 ಆಗಿದೆ, ಅಮ್ಮನ ಡಿಸ್ಕ್ ಎಡಿಎ0 ಆಗಿ ಕೂತಿದೆ. ಪೆನ್‌ಡ್ರೈವ್‌ನಿಂದ ಲೈವ್ ಸಿಸ್ಟಂಗೆ ಹೋಗಿ ಎಫ್‌ಎಸ್‌ಟ್ಯಾಬ್ (ಯಾವ ಡಿಸ್ಕ್ ಮೌಂಟ್ ಆಗಬೇಕು ಅಂತ ಬರೆದಿರುವ) ಫೈಲಿನಲ್ಲಿ ಎಡಿಎ0 ಇದ್ದ ಕಡೆ ಎಡಿಎ1 ಮಾಡಿದೆ. ಬೂಟ್ ಆಯಿತು. ಕೇಬಲ್ಲೇ ಅದಲು ಬದಲು ಮಾಡೋಣ ಅಂದರೆ ಒಂದು ಕೇಬಲ್ ಗಿಡ್ಡ, ಎಟಕುವುದಿಲ್ಲ.

ಬೇಸ್‌ಸಿಸ್ಟಂ · ಶನಿವಾರ ರಾತ್ರಿ 9:30

ನೀವೇ ಕಂಡುಹಿಡಿದಿರಲ್ಲ, ತುಂಬಾ ಸಂತೋಷ. ಬಿಡುವಾದಾಗ ಟ್ಯೂನ್‌ಎಫ್‌ಎಸ್ ಕಮಾಂಡ್ ಬಳಸಿ ಆ ಪಾರ್ಟಿಶನ್‌ಗೆ ಒಂದು ಲೇಬಲ್ ಕೊಡಿ, ಎಫ್‌ಎಸ್‌ಟ್ಯಾಬ್‌ನಲ್ಲಿ ಲೇಬಲ್ ಹೆಸರೇ ಬರೆಯಿರಿ. ಆಮೇಲೆ ಯಾವ ಸಾಕೆಟ್‌ಗೆ ಸಿಕ್ಕಿಸಿದರೂ ತೊಂದರೆಯಿಲ್ಲ.

ಬಸವನಗುಡಿ_ಬೀದಿ · ಭಾನುವಾರ ಬೆಳಗ್ಗೆ 8:15

ಬೆಳಗ್ಗೆ ಆನ್ ಮಾಡಿದರೆ ಮತ್ತೆ ‘ಡಿಸ್ಕ್ ಬೂಟ್ ಫೇಲ್ಯೂರ್’. ರಾತ್ರಿ ಚೆನ್ನಾಗಿತ್ತು, ಯಾರೂ ಮುಟ್ಟಿಲ್ಲ.

ಮಲ್ಲೇಶ್ವರ15 · ಭಾನುವಾರ ಬೆಳಗ್ಗೆ 9:00

ಜಿಪಿಟಿ (ಡಿಸ್ಕ್ ಭಾಗ ಮಾಡುವ ಹೊಸ ಪದ್ಧತಿ) ಪಾರ್ಟಿಶನ್ ಇರಬೇಕು. ಕೆಲವು ಹಳೇ ಬಯೋಸ್‌ಗಳು ಆ್ಯಕ್ಟಿವ್ ಗುರುತು ಇಲ್ಲದಿದ್ದರೆ ಆ ಡಿಸ್ಕ್‌ನಿಂದ ಬೂಟ್ ಮಾಡುವುದಿಲ್ಲ. ಜಿಪಾರ್ಟ್ ಕಮಾಂಡ್‌ನಲ್ಲಿ ಆ ಗುರುತು ಹಾಕಬಹುದು.

ಬಸವನಗುಡಿ_ಬೀದಿ · ಭಾನುವಾರ ಬೆಳಗ್ಗೆ 11:40

ಹಾಕಿದೆ. ಬಯೋಸ್‌ನಲ್ಲಿ ಬೂಟ್ ಕ್ರಮವನ್ನೂ ಮತ್ತೊಮ್ಮೆ ಸರಿಮಾಡಿದೆ, ಅದು ಹೇಗೋ ಹಳೇದಕ್ಕೆ ಹೋಗಿಬಿಟ್ಟಿತ್ತು. ಈಗ ಬೂಟ್ ಆಗುತ್ತಿದೆ, ಧನ್ಯವಾದ ಸರ್.

ಆದರೆ ಇನ್ನೊಂದು ಕಾಟ ಶುರುವಾಗಿದೆ. ನೆಟ್ ಬಂದಿದೆ, ಪಿಂಗ್ ಹೋಗುತ್ತದೆ. ಪಿಕೆಜಿ (ಪ್ಯಾಕೇಜ್ ಇಳಿಸುವ ಕಮಾಂಡ್) ಹಾಕಿದರೆ ಮಾತ್ರ ‘ಸರ್ಟಿಫಿಕೇಟ್ ವೆರಿಫಿಕೇಶನ್ ಫೇಲ್ಡ್’ ಅಂತ ಸಾಲು ಸಾಲು ಬರುತ್ತದೆ, ಒಂದೂ ಪ್ಯಾಕೇಜ್ ಇಳಿಯುತ್ತಿಲ್ಲ. ರಿಪಾಸಿಟರಿ (ಪ್ಯಾಕೇಜ್ ಸಿಗುವ ಸರ್ವರ್) ಬದಲಿಸಬೇಕಾ?

ಹಳೇಬೋರ್ಡ್ · ಭಾನುವಾರ ಮಧ್ಯಾಹ್ನ 12:10

ಒಂದು ನಿಮಿಷ, ಏನನ್ನೂ ಬದಲಿಸಬೇಡಿ. ನೀವು ಮೇಲೆ ಬರೆದಿದ್ದೀರಿ, ಬೂಟ್ ಕ್ರಮ ‘ಹೇಗೋ ಹಳೇದಕ್ಕೆ ಹೋಗಿಬಿಟ್ಟಿತ್ತು’ ಅಂತ. ನನಗೆ ಅದೇ ಮುಖ್ಯ ಅನಿಸುತ್ತಿದೆ. ಮೂರು ಪ್ರಶ್ನೆ ಕೇಳುತ್ತೇನೆ.

ರಾತ್ರಿ ಗೋಡೆಯ ಸ್ವಿಚ್ಚೂ ಆಫ್ ಮಾಡುತ್ತೀರಾ? ಆನ್ ಮಾಡಿದ ತಕ್ಷಣ ಕಪ್ಪು ಪರದೆ ಮೇಲೆ ಏನಾದರೂ ಬರುತ್ತದಾ? ಡೇಟ್ ಅಂತ ಟೈಪ್ ಮಾಡಿದರೆ ಏನು ತೋರಿಸುತ್ತದೆ?

ಬಸವನಗುಡಿ_ಬೀದಿ · ಭಾನುವಾರ ಮಧ್ಯಾಹ್ನ 12:45

ಗೋಡೆಯ ಸ್ವಿಚ್ ಆಫ್ ಮಾಡದೆ ನಮ್ಮ ಮನೆಯಲ್ಲಿ ಯಾರೂ ಮಲಗಲ್ಲ. ಅಮ್ಮ ಎದ್ದು ಬಂದು ನೋಡುತ್ತಾರೆ.

ಆನ್ ಮಾಡಿದ ತಕ್ಷಣ ಏನೋ ಬರುತ್ತದೆ, ಎಫ್1 ಒತ್ತಿದರೆ ಮುಂದೆ ಹೋಗುತ್ತದೆ. ಎಷ್ಟೋ ವರ್ಷದಿಂದ ಹಾಗೇ ಮಾಡುತ್ತಿದ್ದೇವೆ, ಮೆಷಿನ್ ಆನ್ ಮಾಡುವುದೇ ಹಾಗೆ ಅಂದುಕೊಂಡಿದ್ದೆ. ಇವತ್ತು ಫೋಟೊ ತೆಗೆದು ಓದಿದೆ. ‘ಸಿಮಾಸ್ ಚೆಕ್‌ಸಮ್ ಎರರ್, ಡಿಫಾಲ್ಟ್ಸ್ ಲೋಡೆಡ್’ ಅಂತ ಇದೆ.

ಡೇಟ್ 2008 ಜನವರಿ 1 ತೋರಿಸುತ್ತಿದೆ.

ಹಳೇಬೋರ್ಡ್ · ಭಾನುವಾರ ಮಧ್ಯಾಹ್ನ 1:00

ಹಾಗಾದರೆ ಬೂಟ್ ಆಗದಿರುವುದು, ಸರ್ಟಿಫಿಕೇಟ್ ತಕರಾರು, ಎರಡಕ್ಕೂ ಕಾರಣ ಒಂದೇ. ಬೋರ್ಡ್ ಮೇಲೆ ನಾಣ್ಯದ ಹಾಗಿರುವ ಒಂದು ಬ್ಯಾಟರಿ ಇದೆ, ಸಿಆರ್2032. ಅದು ಮುಗಿದಿದೆ.

ಸಿಮಾಸ್ ಅಂದರೆ ಬಯೋಸ್ ಸೆಟ್ಟಿಂಗ್ ಇರುವ ಜಾಗ. ಅದನ್ನೂ ಗಡಿಯಾರವನ್ನೂ ಜೀವಂತ ಇಡುವುದು ಆ ಬ್ಯಾಟರಿ. ಪ್ಲಗ್‌ನಲ್ಲಿ ಕರೆಂಟ್ ಇರುವವರೆಗೆ, ಕಂಪ್ಯೂಟರ್ ಆಫ್ ಇದ್ದರೂ, ಎಸ್‌ಎಂಪಿಎಸ್‌ನಿಂದ (ಪವರ್ ಸಪ್ಲೈ) 5 ವೋಲ್ಟ್ ಸ್ಟ್ಯಾಂಡ್‌ಬೈ ಬರುತ್ತಿರುತ್ತದೆ, ಬ್ಯಾಟರಿ ಮೇಲೆ ಭಾರ ಬೀಳುವುದಿಲ್ಲ. ಗೋಡೆಯ ಸ್ವಿಚ್ ಆಫ್ ಆದ ಮೇಲೆ ಎಲ್ಲಾ ಬ್ಯಾಟರಿ ಮೇಲೇ. ಅದಕ್ಕೆ ನಿನ್ನೆ ಸಂಜೆಯೆಲ್ಲಾ ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ನೀವು ಹಾಕಿದ ಬೂಟ್ ಕ್ರಮ ನಿಂತಿತ್ತು, ಬೆಳಗ್ಗೆ ಎಲ್ಲಾ ಮರೆತುಹೋಗಿತ್ತು. ಮರೆತ ಮೇಲೆ ಬಯೋಸ್ ಮೊದಲನೇ ಸಾಕೆಟ್‌ಗೆ ಹೋಗುತ್ತದೆ, ಅಲ್ಲಿ ಅಮ್ಮನ ಡಿಸ್ಕ್, ಅದರಲ್ಲಿ ಬೂಟ್ ಆಗುವಂಥದ್ದು ಏನೂ ಇಲ್ಲ.

ಸ್ವಿಚ್ ಆಫ್ ಮಾಡುವುದು ತಪ್ಪಲ್ಲ, ಸಿಡಿಲು ಗುಡುಗು ಇರುವ ಊರು. ಬ್ಯಾಟರಿ ಬದಲಿಸಿದರೆ ಸಾಕು.

ಬೇಸ್‌ಸಿಸ್ಟಂ · ಭಾನುವಾರ ಮಧ್ಯಾಹ್ನ 1:25

ಹಳೇಬೋರ್ಡ್ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಸಾಫ್ಟ್‌ವೇರ್ ಕಡೆಯಿಂದಲೇ ಯೋಚಿಸುತ್ತಾ ಕೂತಿದ್ದೆ.

ಸರ್ಟಿಫಿಕೇಟ್ ವಿಷಯ ಹೇಳುತ್ತೇನೆ. ಪ್ರತಿ ಸರ್ಟಿಫಿಕೇಟ್‌ನಲ್ಲಿ ‘ಈ ದಿನದಿಂದ ಈ ದಿನದವರೆಗೆ’ ಅಂತ ಇರುತ್ತದೆ. ನಿಮ್ಮ ಮೆಷಿನ್ ಲೆಕ್ಕದಲ್ಲಿ ಈಗ 2008. ಸರ್ವರ್ ತೋರಿಸುವ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ, ಹಾಗಾಗಿ ಬೇಡ ಅನ್ನುತ್ತದೆ. ದಯವಿಟ್ಟು ಯಾರಾದರೂ ‘ವೆರಿಫಿಕೇಶನ್ ಆಫ್ ಮಾಡಿ’ ಅಂದರೆ ಕೇಳಬೇಡಿ. ಮೆಷಿನ್ ಸರಿಯಾಗಿಯೇ ತಡೆಯುತ್ತಿದೆ, ತಪ್ಪಿರುವುದು ತಾರೀಕಿನಲ್ಲಿ.

ಬಸವನಗುಡಿ_ಬೀದಿ · ಭಾನುವಾರ ಮಧ್ಯಾಹ್ನ 1:40

ಆದರೆ ಇನ್‌ಸ್ಟಾಲ್ ಮಾಡುವಾಗ ಎನ್‌ಟಿಪಿಡಿ ಆಯ್ಕೆ ಮಾಡಿದ್ದೆನಲ್ಲ, ಅದು ನೆಟ್‌ನಿಂದ ಟೈಮ್ ತಂದು ಸರಿಮಾಡಬೇಕಿತ್ತು ಅಲ್ವಾ?

ಬೇಸ್‌ಸಿಸ್ಟಂ · ಭಾನುವಾರ ಮಧ್ಯಾಹ್ನ 2:00

ಒಳ್ಳೇ ಪ್ರಶ್ನೆ, ಇಲ್ಲಿ ತುಂಬಾ ಜನ ಎಡವುತ್ತಾರೆ. ಎನ್‌ಟಿಪಿಡಿ ಸಣ್ಣ ವ್ಯತ್ಯಾಸವನ್ನು ನಿಧಾನಕ್ಕೆ ಸರಿಮಾಡುತ್ತದೆ. ವ್ಯತ್ಯಾಸ 1000 ಸೆಕೆಂಡ್‌ಗಿಂತ ಜಾಸ್ತಿ ಇದ್ದರೆ, ಅಂದರೆ ಹದಿನೇಳು ನಿಮಿಷದ ಹತ್ತಿರ, ಏನೋ ದೊಡ್ಡ ಎಡವಟ್ಟಾಗಿದೆ ಅಂತ ತಾನೇ ನಿಂತುಬಿಡುತ್ತದೆ. ನಿಮ್ಮದು ವರ್ಷಗಟ್ಟಲೆ ಹಿಂದಿದೆ. ಶುರುವಿನಲ್ಲಿ ಒಂದು ಸಲ ಮಾತ್ರ ಎಷ್ಟು ದೂರವಿದ್ದರೂ ನೆಗೆಯಬಹುದು ಅಂತ ಹೇಳೋ ಇನ್ನೊಂದು ಸೆಟ್ಟಿಂಗ್ ಇದೆ, ಎನ್‌ಟಿಪಿಡಿ ಸಿಂಕ್ ಆನ್ ಸ್ಟಾರ್ಟ್. ಇನ್‌ಸ್ಟಾಲರ್‌ನ ಸರ್ವೀಸ್ ಪಟ್ಟಿಯಲ್ಲಿ ಎನ್‌ಟಿಪಿಡಿ ಪಕ್ಕದಲ್ಲೇ ಇರುತ್ತದೆ. ಈಗ ಆರ್‌ಸಿ ಡಾಟ್ ಕಾನ್ಫ್ ಅನ್ನೋ ಸೆಟ್ಟಿಂಗ್ ಫೈಲಿನಲ್ಲಿ ಅದಕ್ಕೆ ಯೆಸ್ ಹಾಕಿ.

ಇವತ್ತಿನ ಮಟ್ಟಿಗೆ ಕೈಯಲ್ಲೇ ಟೈಮ್ ಕೊಡಿ. ಡೇಟ್ ಕಮಾಂಡ್, ಮುಂದೆ ವರ್ಷ ತಿಂಗಳು ದಿನ ಗಂಟೆ ನಿಮಿಷ ಎಲ್ಲಾ ಸೇರಿಸಿ ಒಂದೇ ಸಂಖ್ಯೆ, ಮಧ್ಯೆ ಜಾಗ ಬೇಡ. ರೂಟ್ (ಅಡ್ಮಿನ್) ಆಗಿ ಮಾಡಬೇಕು.

ಕೆಂಗೇರಿ_ನೆಟ್‌ಬುಕ್ · ಭಾನುವಾರ ಸಂಜೆ 5:30

ಮಧ್ಯೆ ಬಂದೆ, ಕ್ಷಮಿಸಿ. ನನ್ನ ಹತ್ತಿರ ಆ್ಯಟಮ್ ಎನ್270 ಇರುವ ಸಣ್ಣ ನೆಟ್‌ಬುಕ್ ಇದೆ, ಇದನ್ನೆಲ್ಲಾ ಓದಿ ಆಸೆ ಬಂತು. ನಾನೂ ಇದೇ ಇಮೇಜ್ ಹಾಕಬಹುದಾ?

ಬೇಸ್‌ಸಿಸ್ಟಂ · ಭಾನುವಾರ ಸಂಜೆ 6:00

ಇಲ್ಲ ಸರ್, ಎನ್270 32 ಬಿಟ್ ಮಾತ್ರ, ಎಎಂಡಿ64 ಓಡುವುದಿಲ್ಲ. ಫ್ರೀಬಿಎಸ್‌ಡಿ 14ಕ್ಕೆ ಐ386 (32 ಬಿಟ್) ಇಮೇಜ್ ಇದೆ, 15ರಿಂದ ನಿಲ್ಲಿಸಿದ್ದಾರೆ. ಡೆಬಿಯನ್ ಕೂಡ 2025ರಲ್ಲಿ ಬಂದ 13ರಿಂದ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಕೊಡುತ್ತಿಲ್ಲ. ನೆಟ್‌ಬಿಎಸ್‌ಡಿ ಅಥವಾ ಓಪನ್‌ಬಿಎಸ್‌ಡಿ ನೋಡಿ, ಎರಡರಲ್ಲೂ ಐ386 ಇನ್ನೂ ಇದೆ. ಬ್ರೌಸರ್ ಮೇಲೆ ಜಾಸ್ತಿ ನಂಬಿಕೆ ಇಡಬೇಡಿ, ಬರೆಯೋದಕ್ಕೆ, ಮೇಲ್ ಓದೋದಕ್ಕೆ ಚೆನ್ನಾಗಿರುತ್ತದೆ.

ಬಸವನಗುಡಿ_ಬೀದಿ · ಸೋಮವಾರ ರಾತ್ರಿ 10:30

ಭಾನುವಾರ ಎಸ್.ಪಿ. ರೋಡಿಗೆ ಹೋಗಿ ಪ್ರಯೋಜನವಿಲ್ಲ ಅಂತ ಇವತ್ತು ಆಫೀಸಿನಿಂದ ಬರುವಾಗ ಡಿವಿಜಿ ರಸ್ತೆಯ ಹತ್ತಿರ ವಾಚ್ ರಿಪೇರಿ ಅಂಗಡಿಯಲ್ಲೇ ಕೇಳಿದೆ, ಇತ್ತು. ಅಂಗಡಿಯವರು ಹಳೇದನ್ನು ಮೀಟರ್‌ಗೆ ಇಟ್ಟು ನೋಡಿದರು. 3 ವೋಲ್ಟ್ ಇರಬೇಕಾದ ಕಡೆ ಒಂದೂವರೆಯೂ ಇರಲಿಲ್ಲ. 2032 ಅಂದರೆ 20 ಮಿಲಿಮೀಟರ್ ಅಗಲ, 3.2 ದಪ್ಪ ಅಂತ ಅವರೇ ಹೇಳಿದರು.

ಹೊಸದು ಹಾಕಿ, ಬಯೋಸ್‌ನಲ್ಲಿ ತಾರೀಕು ಮತ್ತು ಬೂಟ್ ಕ್ರಮ ಕೊಟ್ಟು, ಗೋಡೆಯ ಸ್ವಿಚ್ ಆಫ್ ಮಾಡಿ, ಊಟ ಮಾಡಿ ಬಂದು ಆನ್ ಮಾಡಿದೆ. ಎಫ್1 ಕೇಳಲಿಲ್ಲ. ನೇರವಾಗಿ ಲಾಗಿನ್‌ಗೆ ಬಂತು. ಅಮ್ಮ ಪಕ್ಕದಲ್ಲೇ ಇದ್ದರು, ‘ಎಫ್1 ಒತ್ತಲಿಲ್ವಲ್ಲೇ’ ಅಂದರು.

ಪಿಕೆಜಿ ಕೂಡ ಯಾವ ತಕರಾರೂ ಇಲ್ಲದೆ ಇಳಿಸುತ್ತಿದೆ. ಇವತ್ತು ರಾತ್ರಿ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಹಾಕಿ ಮಲಗುತ್ತೇನೆ. ಅಮ್ಮನ ಡಿಸ್ಕ್ ವಿಂಡೋಸ್‌ನ ಎನ್‌ಟಿಎಫ್‌ಎಸ್, ಅದನ್ನು ಹೇಗೆ ಓದಲಿ?

ಬೇಸ್‌ಸಿಸ್ಟಂ · ಸೋಮವಾರ ರಾತ್ರಿ 10:50

ಫ್ಯೂಸ್‌ಎಫ್‌ಎಸ್-ಎನ್‌ಟಿಎಫ್‌ಎಸ್ ಅನ್ನೋ ಪ್ಯಾಕೇಜ್ ಹಾಕಿ, ಫ್ಯೂಸ್‌ಎಫ್‌ಎಸ್ ಮಾಡ್ಯೂಲ್ ಲೋಡ್ ಮಾಡಿ, ಓದಲು ಮಾತ್ರ ಅಂತ ಹೇಳಿ ಮೌಂಟ್ ಮಾಡಿ. ಬರೆಯುವ ಅನುಮತಿ ಕೊಡಲೇಬೇಡಿ. ಎಲ್ಲಕ್ಕಿಂತ ಮೊದಲು ಕಾಪಿ: ಒಂದು ಎಸ್‌ಎಸ್‌ಡಿಗೆ, ಒಂದು ಪೆನ್‌ಡ್ರೈವ್‌ಗೆ, ಆ ಪೆನ್‌ಡ್ರೈವ್ ಬೇರೆ ಮನೆಯಲ್ಲಿ ಇರಲಿ. ಆಮೇಲೆ ತೆರೆದು ನೋಡಿ.

ಬಸವನಗುಡಿ_ಬೀದಿ · ಬುಧವಾರ ರಾತ್ರಿ 9:45

ಕಾಪಿ ಆಯಿತು, ಒಂದು ಪೆನ್‌ಡ್ರೈವ್ ಚಿಕ್ಕಮ್ಮನ ಮನೆಗೆ ಹೋಯಿತು. ಫೈಲ್ ತೆರೆದರೆ ಎದೆ ಧಸಕ್ ಅಂದಿತು. ಕನ್ನಡವೇ ಇಲ್ಲ. ದೊಡ್ಡ ಪಿ, ತಲೆ ಮೇಲೆ ಗೀಟು ಇರುವ ಎ, ಪೌಂಡ್ ಗುರುತು, ಮತ್ತೆ ಅದೇ ಎ, ಹೀಗೇ ಪುಟಗಟ್ಟಲೆ. ಫೈಲ್ ಕೆಟ್ಟಿದೆಯಾ?

ಮಲ್ಲೇಶ್ವರ15 · ಬುಧವಾರ ರಾತ್ರಿ 10:00

ಕೆಟ್ಟಿಲ್ಲ, ಧೈರ್ಯವಾಗಿರಿ. ಹಳೇ ನುಡಿ ಯುನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಬೇರೆ ಸಂಖ್ಯೆ ಕೊಡುವ ಪದ್ಧತಿ) ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟ್ ಅದು. ಫಾಂಟ್ ಇಲ್ಲದಿದ್ದರೆ ಒಳಗಿನ ಇಂಗ್ಲಿಷ್ ಅಕ್ಷರ ಹೊರಗೆ ಕಾಣುತ್ತದೆ. ನೀವು ಹೇಳಿದ ಪಿ, ಎ, ಪೌಂಡ್, ಎ ಸಾಲು ‘ಕನ್ನಡ’ ಅನ್ನೋ ಪದವನ್ನೇ ಬರೆದಾಗ ಬರುವ ಸಾಲಿನ ಶುರು. ಈ ಹಳೇ ಪದ್ಧತಿಯಿಂದ (ಆಸ್ಕಿ ಅನ್ನುತ್ತಾರೆ) ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಇವೆ. ಮೂಲ ಫೈಲ್ ಹಾಗೇ ಇರಲಿ, ಕಾಪಿಯನ್ನು ಬದಲಿಸಿ. ಅರ್ಕಾವತ್ತು ಇರುವ ಕಡೆ ಒಮ್ಮೊಮ್ಮೆ ತಪ್ಪುತ್ತದೆ, ಕಣ್ಣಿಟ್ಟು ನೋಡಬೇಕು.

ಟೈಪ್ ಮಾಡುವುದಕ್ಕೆ ಬೇರೆ ಏನೂ ಹಾಕಬೇಕಿಲ್ಲ. ಕೀಬೋರ್ಡ್ ಲೇಔಟ್‌ನಲ್ಲಿ ಇಂಡಿಯಾ ಆರಿಸಿ, ಕನ್ನಡ ಕಗಪ ಅಂತ ಇದೆ. ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೊದಲ ಅಕ್ಷರಗಳೇ ಅದು. ನುಡಿ ಬಳಸಿದವರಿಗೆ ಬೇಗ ಕೈಗೆ ಹತ್ತುತ್ತದೆ, ಒಂದೆರಡು ಕೀ ಹೆಚ್ಚು ಕಡಿಮೆ ಇರಬಹುದು.

ಶುಕ್ರವಾರ ನಾನೇ ಬಿಎಸ್‌ಡಿ ಯಾಕೆ ಅಂದಿದ್ದೆ. ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ.

ಬಸವನಗುಡಿ_ಬೀದಿ · ಶನಿವಾರ ಸಂಜೆ 6:20

ಎಲ್ಲಾ ಫೈಲ್ ಯುನಿಕೋಡ್ ಆದವು. ನೀವು ಹೇಳಿದ ಹಾಗೆ ಅರ್ಕಾವತ್ತು ಕೆಲವು ಕಡೆ ಪಕ್ಕದ ಅಕ್ಷರಕ್ಕೆ ಹೋಗಿ ಕೂತಿದೆ. ನಾನು ಪರದೆ ಮೇಲೆ ಓದುತ್ತೇನೆ, ಅಮ್ಮ ಕಣ್ಣು ಮುಚ್ಚಿ ಕೇಳುತ್ತಾರೆ, ತಪ್ಪಿದ ಕಡೆ ‘ಅಲ್ಲ ಅಲ್ಲ’ ಅಂತ ಹಾಡಿ ತೋರಿಸುತ್ತಾರೆ. ದಿನಕ್ಕೆ ನಾಲ್ಕು ಪುಟ ಆಗುತ್ತಿದೆ. ಇನ್ನು ನೂರಾ ಹತ್ತು ಪುಟ ಇದೆ.

ಎಸ್‌ಎಸ್‌ಡಿಗೆ ಲೇಬಲ್ ಕೊಟ್ಟೆ. ಹಳೇ ಬ್ಯಾಟರಿ ಇನ್ನೂ ಮೇಜಿನ ಮೇಲೇ ಇದೆ.

ಹಳೇಬೋರ್ಡ್ · ಶನಿವಾರ ಸಂಜೆ 6:45

ಮೇಜಿನ ಮೇಲೆ ಬಿಡಬೇಡಿ ಅಮ್ಮ, ಮನೆಗೆ ಚಿಕ್ಕ ಮಕ್ಕಳು ಬರುತ್ತಿದ್ದರೆ ಇವತ್ತೇ ಎತ್ತಿಡಿ. ಮಕ್ಕಳು ನುಂಗಿದರೆ ಖಾಲಿ ಬ್ಯಾಟರಿಯೂ ಒಳಗೆ ಸುಡುತ್ತದೆ. ಎರಡೂ ಬದಿಗೆ ಟೇಪ್ ಸುತ್ತಿ, ಹಸಿ ಕಸ ಒಣ ಕಸ ಎರಡರಲ್ಲೂ ಹಾಕದೆ ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡಿ. ಮೆಷಿನ್ ಮೇಲೆ ಒಂದು ಚೀಟಿಯಲ್ಲಿ ಇವತ್ತಿನ ತಾರೀಕು ಬರೆದು ಅಂಟಿಸಿ, ಮುಂದಿನ ಸಲ ಎಫ್1 ಕೇಳಿದಾಗ ಬ್ಯಾಟರಿ ಎಷ್ಟು ವರ್ಷ ಬಂತು ಅಂತ ಗೊತ್ತಾಗುತ್ತದೆ.